ಕಂಪ್ಯೂಟರಿಗೆ ಮುಪ್ಪು ಬಂದಿಲ್ಲ ಮಾಸ್ಟ್ರೇ!



ಶಾಲೆಯ ಐಟಿ ಲ್ಯಾಬಿನಲ್ಲಿ ಜಿಂಪ್ ತೆರೆದು ಒಂದು ಫೋಟೋ ಸರಿಪಡಿಸಲು ಕೂತರೆ ಸಾಕು, ಮೌಸ್ ಒಂದು ಕಡೆ, ಬಾಣದ ಗುರುತು ಇನ್ನೊಂದು ಕಡೆ. ಆಗ ಎಲ್ಲರ ಬಾಯಲ್ಲೂ ಒಂದೇ ಮಾತು: "ಅದು ಹಳತಾಯ್ತು ಮಾಸ್ಟ್ರೇ, ಕಂಡಮ್ ಮಾಡಿ." ರಿಪೇರಿಗೆ ಬಂದವರೂ ಇದನ್ನೇ ಹೇಳುತ್ತಾರೆ, ನಮ್ಮ ಸ್ಟಾಫ್ ರೂಮೂ ಇದನ್ನೇ ಹೇಳುತ್ತದೆ. ಕಾಸರಗೋಡಿನ ಕನ್ನಡ ಮಾಧ್ಯಮದವರಾದ ನಾವು ಈ ಮಾತಿಗೆ ತಲೆಯಾಡಿಸುವುದನ್ನು ನಿಲ್ಲಿಸಬೇಕು. ಇರುವ ಎಂಟರಲ್ಲಿ ಮೂರು ಸ್ಟೋರ್ ರೂಮಿಗೆ ಹೋದರೆ ಉಳಿದ ಒಂದೊಂದಕ್ಕೂ ನಾಲ್ಕು ನಾಲ್ಕು ಮಕ್ಕಳು. ಮೌಸ್ ಹಿಡಿಯುವವ ಒಬ್ಬ, ಇಣುಕುವವರು ಮೂವರು. ಎಸ್ಸೆಸ್ಸೆಲ್ಸಿ ಐಟಿ ಪ್ರಾಕ್ಟಿಕಲ್ಲಿಗೆ ಮಾತ್ರ ಆ ಇಣುಕುವ ಮಕ್ಕಳೂ ಒಬ್ಬೊಬ್ಬರೇ ಕೂರಬೇಕು!

ನಿಧಾನ ಯಾಕೆ ಅಂತ ಲೆಕ್ಕ ಹಾಕಿ ನೋಡೋಣ. ಗಣಿತದ ಟೀಚರೇ ಬೇಕೆಂದಿಲ್ಲ. 12 ಮೆಗಾಪಿಕ್ಸೆಲ್ ಮೊಬೈಲಿನಲ್ಲಿ ತೆಗೆದ ಫೋಟೋ ಎಂದರೆ ಅಡ್ಡಕ್ಕೆ 4000, ಉದ್ದಕ್ಕೆ 3000, ಒಟ್ಟು 1 ಕೋಟಿ 20 ಲಕ್ಷ ಚುಕ್ಕಿ. ಫೈಲು ನೋಡಿದರೆ ನಾಲ್ಕೈದು ಎಂಬಿ ಇರಬಹುದು, ಅದು ಜೆಪೆಗ್ ಒತ್ತಿ ಮಡಚಿಟ್ಟ ಗಾತ್ರ. ಜಿಂಪ್ ಅದನ್ನು ಬಿಡಿಸಿ ಹರಡಿದಾಗ ಚುಕ್ಕಿಗೆ 3 ಬೈಟಿನಂತೆ 36 ಎಂಬಿ. ಪಾರದರ್ಶಕ ಲೇಯರ್ ಆದರೆ 4 ಬೈಟ್, ಅಂದರೆ 48 ಎಂಬಿ. ಅಂಥ ನಾಲ್ಕು ಲೇಯರ್ ಮಾಡಿದರೆ ಇನ್ನೂರರ ಹತ್ತಿರ ಹೋಯಿತು. ಅದರ ಮೇಲೆ, ನಾವು "ಅನ್‌ಡೂ" ಒತ್ತಿದರೆ ಬೇಕಾದೀತೆಂದು ಹಿಂದಿನ ಹೆಜ್ಜೆಗಳನ್ನೂ ಅದು ನೆನಪಿಟ್ಟುಕೊಂಡಿರುತ್ತದೆ. 2 ಜಿಬಿ ರ್‍ಯಾಮ್ ಇರುವ ಪಾಪದ ಯಂತ್ರ! ಪಕ್ಕದಲ್ಲಿ ಬ್ರೌಸರಿನ ಹತ್ತು ಟ್ಯಾಬ್ ಬೇರೆ ತೆರೆದಿರುತ್ತದೆ. ರ್‍ಯಾಮ್ ತುಂಬಿದ ಮೇಲೆ ಉಳಿದದ್ದನ್ನು ಹಾರ್ಡ್ ಡಿಸ್ಕಿಗೆ ಬರೆದು, ಅಲ್ಲಿಂದ ಓದಿ, ಮತ್ತೆ ಬರೆದು... ತಿರುಗುವ ಡಿಸ್ಕು ರ್‍ಯಾಮಿನ ವೇಗದ ಹತ್ತಿರಕ್ಕೂ ಬರುವುದಿಲ್ಲ. ಡಿಸ್ಕಿನ ದೀಪ ಬಿಡದೆ ಮಿಣುಕುತ್ತಿದ್ದರೆ ಇದೇ ಆಗುತ್ತಿದೆ ಎಂದು ತಿಳಿಯಿರಿ. ಇದನ್ನೇ ನಾವು ಮುಪ್ಪು ಅನ್ನುತ್ತಿರುವುದು.

ಅಷ್ಟು ದೊಡ್ಡ ಚಿತ್ರ ನಮಗೆ ಎಂತಕ್ಕೆ? ಶಾಲಾ ಸಂಚಿಕೆಯಲ್ಲಿ 6 ಇಂಚು ಅಗಲ, 4 ಇಂಚು ಎತ್ತರದ ಫೋಟೋ ಅಚ್ಚುಕಟ್ಟಾಗಿ ಮುದ್ರಿಸಲು 1800 ಕ್ಕೆ 1200 ಚುಕ್ಕಿ ಧಾರಾಳ. ಅದು 21 ಲಕ್ಷ 60 ಸಾವಿರ, ಮೂಲದ ಐದನೇ ಒಂದಕ್ಕಿಂತಲೂ ಕಡಿಮೆ. ಮೂಲ ಫೋಟೋ ಹಾಗೇ ಇರಲಿ. ಒಂದು ಪ್ರತಿ ತೆಗೆದು, ಇಮೇಜ್ ಮೆನುವಿನ "ಸ್ಕೇಲ್ ಇಮೇಜ್"ನಲ್ಲಿ ಮೊದಲು ಕಿರಿದು ಮಾಡಿ, ಆಮೇಲೆ ಬಣ್ಣ ಬೆಳಕು ಸರಿಪಡಿಸಿ. ಎಲ್ಲ ಮುಗಿಸಿ ಕೊನೆಗೆ ಕಿರಿದು ಮಾಡುವ ಅಭ್ಯಾಸ ನಮ್ಮಲ್ಲಿ ಬಹಳ ಮಂದಿಗೆ ಇದೆ. ಎಲ್ಲಾ ತಾಪತ್ರಯ ಅಲ್ಲಿಂದಲೇ.

ಇನ್ನೊಂದು, ಎಡಿಟ್ ಮೆನುವಿನ ಪ್ರಿಫರೆನ್ಸಸ್‌ನಲ್ಲಿ "ಸಿಸ್ಟಮ್ ರಿಸೋರ್ಸಸ್" ನೋಡಿ. ಅಲ್ಲಿ "ಟೈಲ್ ಕ್ಯಾಶ್" ತೀರಾ ಕಡಿಮೆ ಇದ್ದರೆ ಜಿಂಪ್ ತಾನೇ ಡಿಸ್ಕಿಗೆ ಬರೆಯತೊಡಗುತ್ತದೆ, ಇರುವ ರ್‍ಯಾಮಿಗಿಂತ ಹೆಚ್ಚು ಕೊಟ್ಟರೆ ಇಡೀ ಯಂತ್ರವೇ ಬರೆಯತೊಡಗುತ್ತದೆ. 2 ಜಿಬಿಯಲ್ಲಿ 1 ಜಿಬಿಯ ಒಳಗೆ ಇಡಿ. ಅನ್‌ಡೂ ಮಟ್ಟಗಳನ್ನೂ ಇಳಿಸಿ. ತೆರೆದುಕೊಳ್ಳುವುದೇ ತಡವೆಂದಾದರೆ ಫಾಂಟುಗಳನ್ನು ಎಣಿಸಿ. ಯಾರೋ ಸ್ಟುಡಿಯೋದಿಂದ ತಂದು ಸುರಿದ ನೂರಾರು ಫಾಂಟುಗಳನ್ನು ಜಿಂಪ್ ಪ್ರತಿ ಸಲವೂ ಓದಬೇಕು.

ಇಷ್ಟು ಹೇಳಿದರೆ ಒಬ್ಬರು ಎದ್ದು ನಿಲ್ಲುತ್ತಾರೆ: "ಜಿಂಪ್ ಬೇಡ, ಫೋಟೋಶಾಪ್ ಹಾಕಿಸಿ." ಯಾವ ಫೋಟೋಶಾಪ್ ಸ್ವಾಮೀ? ಈಗಿನದ್ದು ಕನಿಷ್ಠ 8 ಜಿಬಿ ರ್‍ಯಾಮ್ ಕೇಳುತ್ತದೆ, ಮೇಲಿಂದ ಬಾಡಿಗೆಯಂತೆ ದುಡ್ಡು ಕಟ್ಟುತ್ತಿರಬೇಕು. ಅವರ ಮನಸ್ಸಿನಲ್ಲಿರುವುದು 2002 ರ ಫೋಟೋಶಾಪ್ 7, ಅದೂ ಕದ್ದ ಪ್ರತಿ! ಅದರಲ್ಲಿ ಯೂನಿಕೋಡ್ ಕನ್ನಡ ಟೈಪಿಸಿ ನೋಡಿ. ಒತ್ತಕ್ಷರ ಒತ್ತಾಗುವುದಿಲ್ಲ, "ಕನ್ನಡ" ಎಂಬ ಮೂರಕ್ಷರವೂ ಮುರಿದು ಬೀಳುತ್ತದೆ. ಜಿಂಪಿನಲ್ಲಿ ನವಿಲು, ಗುಬ್ಬಿ, ಲೋಹಿತ್ ಯಾವ ಫಾಂಟಿನಲ್ಲಿ ಬರೆದರೂ ನೆಟ್ಟಗೆ ಬರುತ್ತದೆ. ಗಡಿಯಾಚೆ ಕೂತು ಕನ್ನಡ ಉಳಿಸುತ್ತೇವೆಂದು ಭಾಷಣ ಮಾಡುವ ನಾವು, ಶಾಲೆಯ ಬ್ಯಾನರಿನಲ್ಲಿ ಕನ್ನಡವನ್ನು ಮುರಿದು ಬರೆಯುವ ತಂತ್ರಾಂಶಕ್ಕೆ ಜೋತು ಬೀಳುವುದು ಯಾವ ನ್ಯಾಯ? ಐಟಿ ಅಟ್ ಸ್ಕೂಲ್ ಇದ್ದ ಕಾಲದಿಂದಲೂ, 2017 ರಲ್ಲಿ ಅದು ಕೈಟ್ ಆದ ಮೇಲೂ, ಕೇರಳದ ಶಾಲೆಗಳಿಗೆ ಬಂದದ್ದು ಸ್ವತಂತ್ರ ತಂತ್ರಾಂಶ. ಪಾಠಪುಸ್ತಕದಲ್ಲಿ ಇದ್ದದ್ದೂ ಜಿಂಪ್.

ದುಡ್ಡು ಖರ್ಚು ಮಾಡಲೇಬೇಕೆಂದರೆ ರ್‍ಯಾಮಿಗೆ ಮಾಡಿ. ಕೆಟ್ಟು ಮೂಲೆ ಸೇರಿದ ಎರಡು ಯಂತ್ರಗಳ ರ್‍ಯಾಮ್ ತೆಗೆದು ಬದುಕಿರುವುದಕ್ಕೆ ಹಾಕಬಹುದು, ಡಿಡಿಆರ್ 2 ಕ್ಕೆ 2, 3 ಕ್ಕೆ 3 ಮಾತ್ರ ಕೂರುತ್ತದೆ ಎಂಬುದು ನೆನಪಿರಲಿ. ತಿರುಗುವ ಡಿಸ್ಕಿನ ಜಾಗಕ್ಕೆ ಸಣ್ಣದೊಂದು ಎಸ್‌ಎಸ್‌ಡಿ ಹಾಕಿದರೆ ಸ್ಟಾಫ್ ರೂಮಿನ ಬಾಯಿ ತಾನಾಗಿ ಮುಚ್ಚುತ್ತದೆ. ಫ್ಯಾನಿನ ಧೂಳು ತೆಗೆಯಿರಿ, ಬಿಸಿಯಾದ ಪ್ರೊಸೆಸರ್ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. (ವಾರಂಟಿ ಇರುವುದನ್ನು ಮಾತ್ರ ಬಿಚ್ಚಬೇಡಿ.)

ಮುಂದಿನ ಸಲ ಕಂಡಮ್ ಪಟ್ಟಿ ಸಹಿಗೆ ಬಂದಾಗ ಹೆಡ್ ಮಾಸ್ಟ್ರುಗಳು ಪ್ರತಿಯೊಂದರ ಎದುರೂ ರ್‍ಯಾಮ್ ಎಷ್ಟು, ಡಿಸ್ಕ್ ಯಾವುದು, ಧೂಳು ತೆಗೆದದ್ದು ಯಾವಾಗ ಅಂತ ಬರೆಸಲಿ. ಮದರ್ ಬೋರ್ಡೇ ಹೋಗಿದ್ದರೆ ಬೇರೆ ಮಾತು, ಅದಕ್ಕೆ ನಮ್ಮ ತಕರಾರಿಲ್ಲ.