ಮಗಳು ಓದುವ ಚೀನಾ ಸುತ್ತೋಲೆಗಳು

"ಚೀನಾದ ರಾಜಕೀಯ ಓದಿ ಏನ್ ಮಾಡ್ತೀಯವ್ವಾ?" ಧಾರವಾಡದಿಂದ ನಮ್ಮವ್ವ ಫೋನಿನಲ್ಲಿ ಕೇಳಿದಾಗ ಮಗಳು ನಕ್ಕಳು. ನನಗೆ ನಗು ಬರಲಿಲ್ಲ. ಅದೇ ಪ್ರಶ್ನೆ ನನ್ನ ಬಾಯಲ್ಲೂ ಇತ್ತು. ಗಲ್ವಾನ್‌ನಲ್ಲಿ ನಮ್ಮ 20 ಯೋಧರು ಪ್ರಾಣ ಕೊಟ್ಟು ಇನ್ನೂ ವರ್ಷ ತುಂಬಿರಲಿಲ್ಲ. ಅವಳಾಗ ವಡೋದರಾದಲ್ಲಿ ಬಿಎ ಓದುತ್ತಿದ್ದಳು. ಲಾಕ್‌ಡೌನ್‌ನಲ್ಲಿ ಮನೆಯಲ್ಲೇ ಕೂತು ಚೀನೀ ಲಿಪಿ ತಿದ್ದುತ್ತಿದ್ದಳು.

ಇದರ ಬೀಜ ಬಿದ್ದದ್ದು ಅಹಮದಾಬಾದ್‌ನಲ್ಲಿರಬೇಕು. 2014ರ ಸೆಪ್ಟೆಂಬರ್ 17ರಂದು ಷಿ ಜಿನ್‌ಪಿಂಗ್ ಬಂದಿದ್ದರು. ಸಾಬರಮತಿ ದಂಡೆಯಲ್ಲಿ ಮೋದಿಯವರ ಜೊತೆ ಉಯ್ಯಾಲೆಯಲ್ಲಿ ಕೂತದ್ದನ್ನು ಟಿವಿಯಲ್ಲಿ ನೋಡುತ್ತಿದ್ದೆವು. ಶಾಲೆಗೆ ಹೋಗುತ್ತಿದ್ದ ಹುಡುಗಿ ಕೇಳಿದಳು: "ಅವರನ್ನ ಯಾರು ಆರಿಸ್ತಾರಪ್ಪಾ?" "ಪಕ್ಷ" ಅಂದೆ. "ಪಕ್ಷವನ್ನ ಯಾರು ಆರಿಸ್ತಾರೆ?" ಅಂದಳು. ನಾನು ಚಾನಲ್ ಬದಲಾಯಿಸಿದೆ.

ನಾನು ವಡೋದರಾ ಹತ್ತಿರದ ರಾಸಾಯನಿಕ ಕಾರ್ಖಾನೆಯೊಂದರಲ್ಲಿ ಖರೀದಿ ವಿಭಾಗದವನು. ಕೀಟನಾಶಕಗಳಿಗೆ ಮೂಲವಸ್ತುವಾದ ಹಳದಿ ರಂಜಕದ ದರ ನೋಡುವುದು ನನ್ನ ಕೆಲಸ. 2021ರ ಆಗಸ್ಟ್ ಕೊನೆಗೆ "ದರ ಸ್ಥಿರವಾಗಿರುತ್ತೆ" ಎಂದು ಬರೆದುಕೊಟ್ಟೆ. ಅದನ್ನು ನಂಬಿ ಮಾರಾಟದವರು ಗ್ರಾಹಕರಿಗೆ ದರ ಒಪ್ಪಿಕೊಂಡರು. ಸೆಪ್ಟೆಂಬರ್‌ನಲ್ಲಿ ದರ ರಾಕೆಟ್ಟಿನಂತೆ ಏರಿತು. ವಿಯೆಟ್ನಾಂನವರನ್ನು ಕೇಳಿದರೆ ಅವರದೂ ಅದೇ ಕಥೆ. ಮೀಟಿಂಗಿನಲ್ಲಿ ತಲೆ ತಗ್ಗಿಸಿ, "ಚೀನಾದವರನ್ನ ನಂಬೋ ಹಾಗಿಲ್ಲ ಸರ್" ಅಂದೆ.

ಅಂದು ರಾತ್ರಿ ಮನೆಯಲ್ಲಿ ಗೊಣಗುತ್ತಿದ್ದೆ. ಮಗಳು ಲ್ಯಾಪ್‌ಟಾಪ್ ತಂದು ಮುಂದಿಟ್ಟಳು. ಯುನ್ನಾನ್ ಪ್ರಾಂತ್ಯದ ಸರ್ಕಾರಿ ಆದೇಶ. ಸೆಪ್ಟೆಂಬರ್‌ನಿಂದ ಡಿಸೆಂಬರ್‌ವರೆಗೆ ಹಳದಿ ರಂಜಕದ ತಿಂಗಳ ಉತ್ಪಾದನೆ ಆಗಸ್ಟ್ ತಿಂಗಳದರ ಶೇ. 10ನ್ನು ದಾಟುವಂತಿಲ್ಲ! ಒಂದು ಟನ್ ರಂಜಕಕ್ಕೆ ಸುಮಾರು 14 ಸಾವಿರ ಯೂನಿಟ್ ವಿದ್ಯುತ್ ಬೇಕು, ಕಡಿತದ ಕತ್ತಿ ಮೊದಲು ಬೀಳುವುದೇ ಅಲ್ಲಿ. ಅದಕ್ಕೂ ಮುಂಚೆ ಆಗಸ್ಟ್‌ನಲ್ಲೇ ಬೀಜಿಂಗ್‌ನ ಯೋಜನಾ ಆಯೋಗ ಇಂಧನ ಬಳಕೆಯಲ್ಲಿ ಗುರಿ ತಪ್ಪಿದ ಪ್ರಾಂತ್ಯಗಳಿಗೆ ಕೆಂಪು ದೀಪ ಹಾಕಿದ ಪಟ್ಟಿ ಹೊರಡಿಸಿತ್ತು. ಅದರಲ್ಲಿ ಯುನ್ನಾನ್ ಇತ್ತು.

"ಎಲ್ಲಾ ಬಹಿರಂಗವಾಗಿ ಹೇಳಿದಾರಲ್ಲಪ್ಪಾ" ಅಂದಳು. ನಾಚಿಕೆಯಾಯಿತು. ಇಪ್ಪತ್ತು ವರ್ಷ ಆ ದೇಶದಿಂದ ಸರಕು ತರಿಸಿದವನು ನಾನು. ಅಲ್ಲಿನ ಒಂದು ಸುತ್ತೋಲೆಯನ್ನೂ ಓದಿರಲಿಲ್ಲ.

ಎಂಎಗೂ ಅದೇ ವಿಷಯ ಹಿಡಿದಾಗ ನಾನು ಅಡ್ಡ ಬರಲಿಲ್ಲ. ಅವಳು ಕಲಿತದ್ದರಲ್ಲಿ ಅರ್ಧ ನನಗೂ ಬಂತು. ಪ್ರಾಂತ್ಯದ ರಾಜ್ಯಪಾಲರಿಗಿಂತ ಅಲ್ಲಿನ ಪಕ್ಷದ ಕಾರ್ಯದರ್ಶಿ ದೊಡ್ಡವರು. ಮುಖ್ಯ ಆದೇಶಗಳ ತಲೆಬರಹ ಕೆಂಪಕ್ಷರದಲ್ಲಿರುತ್ತದೆ. ಅವಕ್ಕೆ "ಕೆಂಪು ತಲೆಯ ಪತ್ರ" ಎಂದೇ ಹೆಸರು. ಪಂಚವಾರ್ಷಿಕ ಯೋಜನೆಯ ಗುರಿ ಮೇಲಿನಿಂದ ಹಂಚಿಕೆಯಾಗುತ್ತಾ ಜಿಲ್ಲೆಯವರೆಗೆ ಇಳಿಯುತ್ತದೆ. 2021ರಿಂದ 2025ರೊಳಗೆ ಜಿಡಿಪಿಯ ಪ್ರತಿ ಘಟಕಕ್ಕೆ ಬಳಸುವ ಇಂಧನವನ್ನು ಶೇ. 13.5 ಇಳಿಸಬೇಕೆಂದಿತ್ತು. ಗುರಿ ತಪ್ಪಿದರೆ ಅಧಿಕಾರಿಯ ಬಡ್ತಿಗೇ ಕುತ್ತು. ಹಾಗಾಗಿ ಮೊದಲು ಧಾರಾಳ, ಕಡೆಗೆ ಕರೆಂಟ್ ಕಟ್. ಮಾರ್ಚ್ ತಿಂಗಳಲ್ಲಿ ಗುರಿ ಮುಟ್ಟಿಸಲು ಓಡಾಡುವ ನಮ್ಮ ಆಫೀಸುಗಳನ್ನು ನೋಡಿದವರಿಗೆ ಇದೇನೂ ಪರಕೀಯವಲ್ಲ.

ಗುಜರಾತ್ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಚೀನೀ ಭಾಷೆ ಕಲಿಸುತ್ತಾರೆ. ದೆಹಲಿಯಲ್ಲಿ ಜೆಎನ್‌ಯು ಇದೆ. ನಮ್ಮ ಬೆಂಗಳೂರಿನ ತಕ್ಷಶಿಲಾ ಸಂಸ್ಥೆಯ ಮನೋಜ್ ಕೇವಲ್‌ರಮಣಿ ಅವರು ಚೀನಾ ಪಕ್ಷದ ಪತ್ರಿಕೆ 'ಪೀಪಲ್ಸ್ ಡೈಲಿ' ಓದಿ ಅದರಲ್ಲೇನಿದೆಯೆಂದು ಇಂಗ್ಲಿಷ್‌ನಲ್ಲಿ ಬರೆಯುತ್ತಾರೆ. ಮಗಳು ಅದನ್ನು ಬೆಳಗಿನ ಕಾಫಿಯ ಹಾಗೆ ತಪ್ಪಿಸುವುದಿಲ್ಲ. ಆದರೆ ಓದಿದ ದೇಶವನ್ನು ಕಣ್ಣಾರೆ ಕಂಡಿಲ್ಲ. 2020ರಲ್ಲಿ ನಿಂತ ನೇರ ವಿಮಾನ ಮತ್ತೆ ಹಾರಿದ್ದು 2025ರ ಅಕ್ಟೋಬರ್‌ನಲ್ಲಿ, ಕೋಲ್ಕತ್ತದಿಂದ ಗುವಾಂಗ್‌ಝೌಗೆ.

ಕೆಲಸ? ಇನ್ನೂ ಸಿಕ್ಕಿಲ್ಲ. ಒಂದು ಕಡೆ ಕರೆದರು. ದುಭಾಷಿ ಬೇಕು, ಸಂಬಳ ಅಕೌಂಟೆಂಟ್‌ಗಿಂತ ಕಡಿಮೆ. "ನಾನು ಓದಿದ್ದು ನೀತಿ ಸಾರ್, ಬರೀ ಭಾಷೆಯಲ್ಲ" ಎಂದು ಎದ್ದು ಬಂದಳಂತೆ. ನನ್ನ ಹೆಂಡತಿ ಎರಡು ದಿನ ಮುನಿಸಿಕೊಂಡಿದ್ದಳು. ನಾನು ಯಾರ ಪಕ್ಷ ವಹಿಸಬೇಕೆಂದು ತಿಳಿಯದೆ ಪೇಪರ್ ಓದುತ್ತಾ ಕೂತೆ.

ಸೂರತ್‌ನಲ್ಲಿ ನಮ್ಮೂರ ಕಡೆಯವರೊಬ್ಬರಿದ್ದಾರೆ, ಸೀರೆ ಕಸೂತಿಯ ವ್ಯಾಪಾರ. ಯಂತ್ರಗಳೆಲ್ಲ ಚೀನಾದವು. ಮೊನ್ನೆ ಅವರ ಫೋನು: "ನಿಮ್ಮ ಮಗಳಿಗೊಂದು ಕಾಗದ ಕಳಿಸ್ತೀನಿ, ಬಿಡಿಭಾಗ ಯಾಕೆ ತಡ ಅಂತ ನೋಡ್ಲಿ. ಫೀಸು ಎಷ್ಟು ಕೇಳಿ." ಪಕ್ಕದಲ್ಲೇ ಇದ್ದ ಮಗಳು ಕೈಬೀಸಿ ಫೋನು ಕಸಿದುಕೊಂಡಳು.

"ಅಂಕಲ್, ಮೊದಲನೇದು ಒಂದು ಡಬ್ಬಿ ಘಾರಿಗೆ. ಎರಡನೇದರಿಂದ ಬಿಲ್ಲು."