ಶ್ರವಣವೂ ಸಹಶ್ರವಣವೂ

ಈ ಸ್ಮರಣ ಸಂಚಿಕೆಗೆ ಭಾಮಿನಿ ಷಟ್ಪದಿಯನ್ನು ಕುರಿತು ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯ ಮಿತ್ರರು ನನ್ನನ್ನು ಕೇಳಿದ್ದರು. ಬರೆಯಲು ಕುಳಿತದ್ದೂ ಉಂಟು. ಆದರೆ ಕಳೆದ ಕೆಲವು ತಿಂಗಳುಗಳಿಂದ ನನ್ನ ಮನೆಯ ಅಡುಗೆಮನೆಯಲ್ಲಿ ಬೆಳಗಿನ ಅರ್ಧ ತಾಸು ನಡೆಯುತ್ತಿರುವ ಇಲಿಗಳ ಕಥಾಶ್ರವಣವು ನನ್ನ ಮನಸ್ಸನ್ನು ಎಷ್ಟರಮಟ್ಟಿಗೆ ಆವರಿಸಿದೆಯೆಂದರೆ, ಷಟ್ಪದಿಯನ್ನು ಮುಂದಿನ ವರ್ಷಕ್ಕೆ ಬಿಟ್ಟು ಇದನ್ನೇ ವಾಚಕರ ಮುಂದಿಡುವುದು ಪ್ರಾಮಾಣಿಕವೆಂದು ತೋರಿತು. ಹಳಗನ್ನಡದ ಪಂಡಿತನೊಬ್ಬ ಇಂಗ್ಲಿಷಿನ ಇಲಿಗಳ ಕಥೆಗೆ ಕಿವಿಗೊಟ್ಟನೆಂದು ನಗುವವರು ನಗಲಿ. ಮೊದಲು ನಕ್ಕವನು ನಾನೇ.

ಸಂಗತಿ ಇಷ್ಟು. ನನ್ನ ಧರ್ಮಪತ್ನಿ ಬ್ಯಾಂಕಿನ ಉದ್ಯೋಗದ ನಿಮಿತ್ತ ಪರಸ್ಥಳದಲ್ಲಿದ್ದು, ಶನಿವಾರ ಸಂಜೆ ಬಂದು ಸೋಮವಾರ ನಸುಕಿನಲ್ಲಿ ಹೊರಡುತ್ತಾರೆ. ಏಳನೆಯ ತರಗತಿಯಲ್ಲಿ ಓದುತ್ತಿರುವ ಮಗಳಿಗೆ ಬುತ್ತಿ ಕಟ್ಟುವ ಹೊಣೆ ವಾರದ ಐದಾರು ದಿನ ನನ್ನದು. ರೊಟ್ಟಿ ಬಡಿಯುವುದು ನನಗೆ ಇನ್ನೂ ಒಲಿದಿಲ್ಲ, ಚಪಾತಿಯಿಂದ ಸಾಗಿಸುತ್ತೇನೆ. ಪಾಠ, ಉತ್ತರಪತ್ರಿಕೆ, ಸಭೆ ಸಮಾರಂಭಗಳ ನಡುವೆ ಮಗಳ ಜೊತೆ ಕುಳಿತು ಮಾತನಾಡಲು ಬಿಡುವೇ ಇಲ್ಲವೆಂದು ನಾನು ಎಲ್ಲರ ಮುಂದೆ ಹೇಳಿಕೊಳ್ಳುತ್ತಿದ್ದೆ. ಹೀಗಿರುವಾಗ ಬೆಂಗಳೂರಿನಲ್ಲಿರುವ ನನ್ನ ಹಿರಿಯ ಮಗ ತನ್ನ ತಂಗಿಗೆಂದು ಒಂದು ಆಡಿಯೋ ಪುಸ್ತಕವನ್ನು ಮೊಬೈಲಿಗೆ ಹಾಕಿಸಿಕೊಟ್ಟ. ಅದನ್ನು ಆಕೆ ಹಿಟ್ಟಿನ ಡಬ್ಬಿಯ ಮೇಲಿಟ್ಟು ಜಡೆ ಹೆಣೆದುಕೊಳ್ಳುತ್ತ ಕೇಳತೊಡಗಿದಳು. ಒಲೆಯ ಮುಂದಿದ್ದ ನಾನು ಬೇಡವೆಂದರೂ ಕೇಳಬೇಕಾಯಿತು.

ಆ ಪುಸ್ತಕ ಬ್ರಯನ್ ಜೇಕ್ಸ್ ಎಂಬಾತನ ‘ರೆಡ್‌ವಾಲ್’. 1986ರಲ್ಲಿ ಪ್ರಕಟವಾದ ಕೃತಿ. ಕೆಂಪು ಗೋಡೆಗಳ ಒಂದು ಮಠ. ಅಲ್ಲಿನ ಸಾಧಕರೆಲ್ಲ ಇಲಿಗಳು. ರೋಗಿಗಳ ಶುಶ್ರೂಷೆ ಮಾಡುತ್ತ, ಬಂದವರಿಗೆ ಉಣಬಡಿಸುತ್ತ, ಶತ್ರುವನ್ನುಳಿದು ಮತ್ತಾರನ್ನೂ ಹಿಂಸಿಸುವುದಿಲ್ಲವೆಂಬ ವ್ರತ ತೊಟ್ಟವು. ಆ ಮಠವನ್ನು ಕ್ಲೂನಿ ಎಂಬ ಒಕ್ಕಣ್ಣಿನ ಹೆಗ್ಗಣವು ದಂಡು ಕಟ್ಟಿಕೊಂಡು ಬಂದು ಮುತ್ತುತ್ತದೆ. ಮಥಾಯಸ್ ಎಂಬ ಎಳೆಯ ಇಲಿಮರಿ ಅದನ್ನು ಎದುರಿಸಬೇಕು. ಪ್ರಾಣಿಗಳಿಗೆ ಮಾತು ಕೊಡುವುದು ನಮಗೇನೂ ಹೊಸತಲ್ಲ; 11ನೆಯ ಶತಮಾನದ ದುರ್ಗಸಿಂಹನ ಪಂಚತಂತ್ರವನ್ನು ಪಾಠ ಹೇಳಿದವನಿಗೆ ಇದರಲ್ಲಿ ಬೆರಗೇನು ಎಂದುಕೊಂಡೆ. ಬೆರಗಿದ್ದುದು ಹೇಳುವ ಬಗೆಯಲ್ಲಿ. ಕಥನಭಾಗವನ್ನೆಲ್ಲ ಕೃತಿಕಾರನೇ ತನ್ನ ಧ್ವನಿಯಲ್ಲಿ ಓದುತ್ತಾನೆ. ಪಾತ್ರಗಳ ಮಾತು ಬಂದಾಗ ಒಂದೊಂದಕ್ಕೂ ಬೇರೆ ಬೇರೆ ನಟರ ಕಂಠ. ಕೃತಿಕಾರನ ಮಕ್ಕಳೂ ಆ ಮೇಳದಲ್ಲಿದ್ದಾರಂತೆ. ಇದು ರೇಡಿಯೋ ನಾಟಕವಲ್ಲ. ಬಿಬಿಸಿಯವರು 1981ರಲ್ಲಿ ಟೋಲ್ಕೀನನ ‘ಲಾರ್ಡ್ ಆಫ್ ದ ರಿಂಗ್ಸ್’ ಕೃತಿಯನ್ನು 26 ಕಂತುಗಳ ನಾಟಕವಾಗಿಸಿದಾಗ ಮೂಲವನ್ನು ಕತ್ತರಿಸಿ ಹೊಸದಾಗಿ ಹೊಲಿಯಬೇಕಾಯಿತು. ಇಲ್ಲಿಯಾದರೋ ಪುಸ್ತಕದ ವರ್ಣನೆ ಕಥನಗಳು ಹಾಗೆಯೇ ಉಳಿದು, ಸಂವಾದ ಮಾತ್ರ ಹಲವು ಬಾಯಿಗಳಿಗೆ ಹಂಚಿಹೋಗಿದೆ.

ನನಗೆ ಇಂಗ್ಲಿಷ್ ಕಣ್ಣಿಗೆ ಪರಿಚಯವೇ ಹೊರತು ಕಿವಿಗಲ್ಲ. ಮೊದಲ ದಿನ ಕಾಲುಭಾಗವೂ ತಿಳಿಯಲಿಲ್ಲ. ಆದರೆ ಮೂರನೆಯ ದಿನಕ್ಕೆ ಗೊಗ್ಗರು ದನಿ ಹೆಗ್ಗಣದ್ದು, ಮೆಲ್ಲನೆಯದು ಮಠಾಧಿಪತಿಯದು, ಸೇನಾಧಿಕಾರಿಯಂತೆ ಗತ್ತಿನಿಂದ ಆಡುವುದು ಬೇಸಿಲ್ ಎಂಬ ಮೊಲದ್ದು ಎಂದು ತಾನಾಗಿ ಹಿಡಿತ ಸಿಕ್ಕಿತು. ಒಂದೇ ಕಂಠದ ವಾಚನವಾಗಿದ್ದರೆ ಪ್ರಾಯಶಃ ನಾನು ಎರಡನೆಯ ದಿನವೇ ಕಿವಿ ಮುಚ್ಚಿಕೊಳ್ಳುತ್ತಿದ್ದೆ. ಮೋಲ್ ಎಂಬ ನೆಲ ತೋಡುವ ಪ್ರಾಣಿ ನಮ್ಮ ಕಡೆ ಇಲ್ಲ. ಅದು ಬಾಯಿ ತೆರೆದರೆ ಅಚ್ಚ ಹಳ್ಳಿಯ ಇಂಗ್ಲಿಷ್. ಇಂಗ್ಲೆಂಡಿನ ಪಶ್ಚಿಮ ಭಾಗದ ಆಡುನುಡಿಯಂತೆ. ಅದರ ಮಾತಿಗೆ ಮಗಳು ಬಿದ್ದು ಬಿದ್ದು ನಗುವಳು. ಕೃತಿಕಾರನ ಓದಿನಲ್ಲಿಯೂ ಲಿವರ್‌ಪೂಲಿನ ನುಡಿ ಕೇಳಿಬರುತ್ತದೆ. ಶುದ್ಧ ಉಚ್ಚಾರಣೆ ಒಂದೇ ಎಂದು ಮಕ್ಕಳ ನಾಲಗೆ ತಿದ್ದುವ ನಮ್ಮ ಇಂಗ್ಲಿಷ್ ಉಪಾಧ್ಯಾಯರು ಇದನ್ನೊಮ್ಮೆ ಕೇಳಬೇಕು.

ತಿಳಿಯದ್ದನ್ನು ಮಗಳು ತಿಳಿಸುತ್ತಿದ್ದಳು. “ಅಪ್ಪಾಜಿ, ಅದು ಕ್ಲೂನಿ ಅಲ್ರಿ, ಅವನ ಕಡಿ ಇನ್ನೊಂದು ಹೆಗ್ಗಣ” ಎಂದು ತಿದ್ದುವಳು. ಗಮಕದಲ್ಲಿ ಒಬ್ಬರು ವಾಚನ ಮಾಡಿದರೆ ಇನ್ನೊಬ್ಬರು ವ್ಯಾಖ್ಯಾನ ಮಾಡುವುದು ನಮ್ಮ ಸಂಪ್ರದಾಯವಷ್ಟೆ. ಮೂವತ್ತು ವರ್ಷ ವ್ಯಾಖ್ಯಾನದ ಪೀಠದಲ್ಲಿ ಕುಳಿತವನು ಈಗ ಲಟ್ಟಣಿಗೆ ಹಿಡಿದು ಕೆಳಗೆ ಕುಳಿತಿದ್ದೆ. ಅವಳು ಇಷ್ಟು ಸ್ಪಷ್ಟವಾಗಿ ವಿವರಿಸಬಲ್ಲಳೆಂಬುದು ಅಂದಿನವರೆಗೆ ನನಗೆ ಗೊತ್ತಿರಲಿಲ್ಲ. ಒಂದೇ ಮನೆಯಲ್ಲಿದ್ದೂ ಗೊತ್ತಿರಲಿಲ್ಲವೆಂಬುದನ್ನು ಬರೆಯಲು ಸಂಕೋಚವಾಗುತ್ತದೆ.

ಹಾಗೆಂದು ಬಹುಕಂಠವೇ ಶ್ರೇಷ್ಠವೆಂಬುದು ನನ್ನ ಮತವಲ್ಲ. 2022ರಲ್ಲಿ ಪದ್ಮಶ್ರೀ ಪಡೆದ ಹೊಸಹಳ್ಳಿಯ ಎಚ್. ಆರ್. ಕೇಶವಮೂರ್ತಿಯವರಂಥ ಗಮಕಿಗಳನ್ನು ಕೇಳಿದವರಿಗೆ, ಒಂದೇ ಕಂಠದಲ್ಲಿ ಭೀಮನೂ ದ್ರೌಪದಿಯೂ ಹೇಗೆ ಬಂದು ನಿಲ್ಲುತ್ತಾರೆಂಬುದು ಗೊತ್ತು. ಅಲ್ಲಿ ಗಮಕಿ ಅರ್ಧ ಕೊಡುತ್ತಾನೆ. ಉಳಿದರ್ಧವನ್ನು ಕೇಳುವವನು ತುಂಬಿಕೊಳ್ಳಬೇಕು. ಇಂಗ್ಲಿಷಿನವರಲ್ಲಿಯೂ ಈ ಪರಂಪರೆ ಇಲ್ಲದಿಲ್ಲ. ಹ್ಯಾರಿ ಪಾಟರ್ ಕಥೆಗಳನ್ನು ಬ್ರಿಟನ್ನಿನಲ್ಲಿ ಸ್ಟೀಫನ್ ಫ್ರೈ, ಅಮೆರಿಕದಲ್ಲಿ ಜಿಮ್ ಡೇಲ್ ಒಬ್ಬೊಬ್ಬರೇ ಓದಿದರು. ಡೇಲ್ ಮಹಾಶಯರು ಒಂದೇ ಪುಸ್ತಕಕ್ಕೆ ನೂರಕ್ಕೂ ಮಿಕ್ಕಿ ದನಿಗಳನ್ನು ಸೃಷ್ಟಿಸಿದರು. ಅದೇ ಕಥೆಗಳು 2025ರ ನವೆಂಬರಿನಿಂದ 200ಕ್ಕೂ ಹೆಚ್ಚು ಕಲಾವಿದರ ಕಂಠಗಳಲ್ಲಿ ಹೊಸದಾಗಿ ಹೊರಬರತೊಡಗಿದವು. ದನಿಯನ್ನೂ ಹಿನ್ನೆಲೆಯ ಸದ್ದನ್ನೂ ಅವರೇ ಒದಗಿಸಿಬಿಟ್ಟರೆ ಮಗುವಿನ ಕಲ್ಪನೆಗೆ ಉಳಿಯುವ ಕೆಲಸ ಕಡಿಮೆಯೇ. ಕಾವ್ಯಕ್ಕಂತೂ ಒಂದೇ ಕಂಠ ಬೇಕು, ಇದರಲ್ಲಿ ನನಗೆ ಸಂಶಯವಿಲ್ಲ. ಆದರೂ ನನ್ನ ಬಾಲ್ಯದಲ್ಲಿ ಗುರುಗಳೊಬ್ಬರು ಗೋವಿನ ಹಾಡಿನ ಪಾಠಕ್ಕೆ ಒಬ್ಬ ಹುಡುಗನನ್ನು ಪುಣ್ಯಕೋಟಿಯಾಗಿಯೂ ಇನ್ನೊಬ್ಬನನ್ನು ಅರ್ಬುತನಾಗಿಯೂ ನಿಲ್ಲಿಸುತ್ತಿದ್ದುದು ನೆನಪಿದೆ. ನಾನು ಕರು. ಆ ದಿನ ಅತ್ತದ್ದು ನಟನೆಯಲ್ಲ.

ಈ ಕಥೆಯ ಹುಟ್ಟನ್ನು ತಿಳಿದಾಗ ನನ್ನ ಅಭಿಪ್ರಾಯ ಇನ್ನಷ್ಟು ಗಟ್ಟಿಯಾಯಿತು. ಮಾತನಾಡುವ ಪುಸ್ತಕಗಳು ಬ್ರಿಟನ್ನಿನಲ್ಲಿ 1935ರಲ್ಲಿ ಬಂದದ್ದೇ ಅಂಧರಿಗಾಗಿ, ಮೊದಲ ಮಹಾಯುದ್ಧದಲ್ಲಿ ದೃಷ್ಟಿ ಕಳೆದುಕೊಂಡ ಸೈನಿಕರನ್ನು ನೆನೆದು. ಜೇಕ್ಸ್ (1939–2011) ನಾವಿಕನಾಗಿ, ಲಾರಿ ಚಾಲಕನಾಗಿ ದುಡಿದವನು. ಲಿವರ್‌ಪೂಲಿನ ಅಂಧ ಮಕ್ಕಳ ಶಾಲೆಗೆ ಹಾಲು ಹಾಕುತ್ತಿದ್ದವನು. ಹಾಲು ಕೊಟ್ಟು ಹೋಗುವವನು ಒಳಗೆ ಕುಳಿತು ಆ ಮಕ್ಕಳಿಗೆ ಪುಸ್ತಕ ಓದತೊಡಗಿದ. ಸಿಕ್ಕ ಪುಸ್ತಕಗಳು ಮನಸ್ಸಿಗೆ ಬಾರದಾಗ ತಾನೇ ಒಂದನ್ನು ಬರೆದ. ಕಾಣದ ಮಕ್ಕಳಿಗೆಂದು ಬರೆದುದರಿಂದಲೇ ಅದರಲ್ಲಿ ಊಟದ ರುಚಿ, ವಾಸನೆ, ಸ್ಪರ್ಶ, ಸದ್ದುಗಳು ಇಷ್ಟು ದಟ್ಟವಾಗಿವೆ. ಗದುಗಿನ ವೀರೇಶ್ವರ ಪುಣ್ಯಾಶ್ರಮವನ್ನು ಬಲ್ಲ ನಮ್ಮ ವಾಚಕರಿಗೆ ಕಿವಿಯೊಂದರಿಂದಲೇ ಎಷ್ಟು ವಿದ್ಯೆ ಒಳಹೋಗಬಲ್ಲುದೆಂದು ನಾನು ಹೇಳಬೇಕಾಗಿಲ್ಲ. ಶಿಕ್ಷಕ ಬಂಧುಗಳಿಗಾಗಿ ಇನ್ನೊಂದು ಮಾತು. ಇದೇ ಜೇಕ್ಸ್ ಹತ್ತು ವರ್ಷದ ಬಾಲಕನಾಗಿದ್ದಾಗ ಮೊಸಳೆಯ ಹಲ್ಲು ಶುಚಿ ಮಾಡುವ ಹಕ್ಕಿಯ ಕಥೆಯೊಂದನ್ನು ಬರೆದ. ಇಷ್ಟು ಚಿಕ್ಕವನು ಇದನ್ನು ಬರೆದಿರಲಾರನೆಂದು ಅಧ್ಯಾಪಕರು ನಂಬಲಿಲ್ಲ. ನಕಲು ಮಾಡಿದೆನೆಂದು ಅವನು ಒಪ್ಪದಿದ್ದುದಕ್ಕೆ ಸುಳ್ಳುಗಾರನೆಂದು ಬೆತ್ತದ ಏಟು ಕೊಟ್ಟರು. ಮುಂದೆ ಅವನ ಹಸ್ತಪ್ರತಿಯನ್ನು ಅವನಿಗೂ ತಿಳಿಸದೆ ಪ್ರಕಾಶಕರಿಗೆ ಒಯ್ದು ತೋರಿಸಿದ ಮಿತ್ರ ಅಲನ್ ಡರ್ಬಂಡ್ ಕೂಡ ಅಧ್ಯಾಪಕರೇ.

ನನ್ನ ಹಿರಿಯ ಮಗನ ವಿಷಯ ಹೇಳದೆ ಈ ಲೇಖನ ಪೂರ್ಣವಾಗದು. ಅವನು ಚಿಕ್ಕವನಿದ್ದಾಗ ನಾನು ಮಕ್ಕಳ ಕಥೆಗಳ ಕ್ಯಾಸೆಟ್ಟುಗಳನ್ನು ತಂದು, ಟೇಪ್ ರೆಕಾರ್ಡರ್ ಹಚ್ಚಿ, ಕದ ಮುಂದೆ ಮಾಡಿ, ಪಕ್ಕದ ಕೋಣೆಯಲ್ಲಿ ಉತ್ತರಪತ್ರಿಕೆ ನೋಡುತ್ತಿದ್ದೆ. ಮಗು ಗಲಾಟೆ ಮಾಡುತ್ತಿರಲಿಲ್ಲ. ಅದೇ ನನಗೆ ಬೇಕಾಗಿದ್ದುದು. ಆ ಕಥೆಗಳು ಯಾವುವೆಂದು ಇಂದು ಕೇಳಿದರೆ ನನಗೆ ತಿಳಿಯದು. ಅವನಿಗೆ ತಿಳಿದಿದೆ. ಬೆಳೆದ ಮೇಲೆ ಮನೆಗೆ ಬಂದಾಗ ಕಿವಿಗೆ ತಂತಿ ಸಿಕ್ಕಿಸಿಕೊಂಡು ಕುಳಿತಿರುತ್ತಾನೆಂದು ನಾನು ಗೊಣಗಿದ್ದುಂಟು. ಹಾಗೆ ಕೂಡಿಸಿದವನು ಯಾರು?

ಕಥೆ ಕೇಳಿಸಿದರೆ ಮಕ್ಕಳು ಓದುವುದನ್ನು ಬಿಡುತ್ತಾರೆಂದು ಆಕ್ಷೇಪಿಸುವ ಸಹೋದ್ಯೋಗಿಗಳೊಂದಿಗೆ ನಾನು ಹೆಚ್ಚು ವಾದಿಸುವುದಿಲ್ಲ. ಓಲೆಗರಿ ಮನೆಮನೆಗೆ ಇಲ್ಲದ ಕಾಲದಲ್ಲಿ ಕಾವ್ಯ ಉಳಿದದ್ದು ಕಿವಿಯಿಂದಲೇ. ನನ್ನ ತಕರಾರು ಬಿಡುವಿಲ್ಲದ ತಂದೆತಾಯಿಗಳ ಮೇಲೆ, ಅಂದರೆ ನನ್ನ ಮೇಲೆಯೇ. ನಮ್ಮ ದುಡಿಮೆ ಹೆಚ್ಚಾಗಿ ಕೈಯದು, ಕಣ್ಣಿನದು. ಸೊಪ್ಪು ಸೋಸುವಾಗ, ಬಟ್ಟೆ ಮಡಚುವಾಗ ಕಿವಿ ಬರಿದೇ ಇರುತ್ತದೆ. ಪುಸ್ತಕ ಹಿಡಿದು ಓದಿ ಹೇಳಲು ಅರ್ಧ ತಾಸು ಸಿಗದಿದ್ದವನಿಗೆ, ಮಗುವಿನೊಡನೆ ಅದೇ ಕಥೆಯನ್ನು ಕೇಳಲು ಅರ್ಧ ತಾಸು ಸಿಕ್ಕಿತು. ಅದನ್ನು ಮಗುವಿಗೊಬ್ಬಳಿಗೇ ಬಿಟ್ಟು ತಾನು ಬೇರೆ ಕೋಣೆಗೆ ಹೋಗುವುದಾದರೆ, ಒಂದು ಕಂಠವಿದ್ದರೇನು, ಇನ್ನೂರು ಕಂಠವಿದ್ದರೇನು? ಅಲ್ಲಿ ಒಂದು ಕಿವಿ ಕಡಿಮೆ.

ನಮ್ಮ ವಸತಿನಿಲಯದ ಮಕ್ಕಳಿಗೂ ಸಂಜೆ ಹೀಗೆ ಕಥೆ ಕೇಳಿಸಲು ಒಳ್ಳೆಯ ಧ್ವನಿಯಂತ್ರವೊಂದು ಬೇಕೆಂದರೆ ಉದಾರಿಗಳಾದ ನಮ್ಮ ದಾನಿಗಳು ಇಲ್ಲವೆನ್ನಲಾರರು. ಆದರೆ ಯಂತ್ರದ ಜೊತೆ ಒಬ್ಬ ಶಿಕ್ಷಕರೂ ಚಾಪೆಯ ಮೇಲೆ ಕುಳಿತು ಕಡೆಯವರೆಗೆ ಕೇಳುವ ಕರಾರಿದ್ದರೆ ಮಾತ್ರ ಅದನ್ನು ಸ್ವೀಕರಿಸಬೇಕೆಂದು ಆಡಳಿತ ಮಂಡಲಿಯವರಲ್ಲಿ ನನ್ನ ವಿನಂತಿ. ವಾರಕ್ಕೆರಡು ದಿನ ನಾನು ಬರಬಲ್ಲೆ.

ಮೊನ್ನೆ ಬೆಂಗಳೂರಿನಿಂದ ಮಗ ದೂರವಾಣಿ ಮಾಡಿದ್ದ. ತಂಗಿಗೆ ಕೊಡಿಸಿದ ಪುಸ್ತಕವನ್ನು ಮೆಟ್ರೋದಲ್ಲಿ ಹೋಗುತ್ತ ಬರುತ್ತ ಅವನೂ ಕೇಳುತ್ತಿದ್ದಾನಂತೆ. “ಅಪ್ಪಾಜಿ, ಕ್ಲೂನಿ ಗೋಡೆ ಬುಡಕ್ಕ ಸುರಂಗ ತೋಡಸಾಕತ್ಯಾನಲ್ರಿ, ಅಲ್ಲಿಗೆ ಬಂದೀನಿ. ಮುಂದಿಂದು ಹೇಳಬ್ಯಾಡ್ರಿ” ಎಂದ. ನಾನು ಹೇಳಲಿಲ್ಲ. ಪಕ್ಕದಲ್ಲಿ ನಿಂತಿದ್ದ ಮಗಳು ಹೇಳಿಬಿಟ್ಟಳು.