ಕೂಸು ಹುಟ್ಟುವ ಮುನ್ನ ಕುಲಾವಿ

ಕೂಸು ಹುಟ್ಟುವ ಮುನ್ನವೇ ಕುಲಾವಿ ಹೊಲಿಸಿದರೆಂದು ನಮ್ಮ ಹಿರಿಯರು ನಗೆಯಾಡಿದರು. ಆ ಗಾದೆಯ ಕುಲಾವಿಗೆ ತಗಲುತ್ತಿದ್ದುದು ಒಂದು ಗೇಣು ಬಟ್ಟೆ, ಅಜ್ಜಿಯ ಒಂದು ಮಧ್ಯಾಹ್ನ. ಇಂದಿನ ಕುಲಾವಿಯ ವೆಚ್ಚ ಕೋಟಿಗಳಲ್ಲಿದೆ. ಹೊಲಿಯುವವರು ಜಾಹೀರಾತಿನವರು; ಹಣ ತೆರುವವರು ಮಾತ್ರ ಕೂಸಿನ ಮುಖವನ್ನೇ ಕಾಣದ ನಮ್ಮ ನಿಮ್ಮ ಮನೆಯ ಮಕ್ಕಳು. ಈ ವಾರ ಅಂತಹ ಮೂರು ಕುಲಾವಿಗಳ, ಎಂದರೆ ಮೂರು ವಿಡಿಯೋ ಆಟಗಳ, ಕಥೆಯನ್ನು ವಾಚಕರ ಮುಂದಿಡಬೇಕೆಂದಿದ್ದೇನೆ.

“ಆಟದ ವಿಷಯಕ್ಕೆ ಇಷ್ಟು ಪೀಠಿಕೆಯೆ?” ಎಂದು ಹಿರಿಯರು ಹುಬ್ಬೇರಿಸಬಹುದು. ಇದನ್ನು ಮಕ್ಕಳಾಟವೆಂದು ತಳ್ಳಿಹಾಕುವ ಕಾಲ ಎಂದೋ ಕಳೆಯಿತು. ದೊಡ್ಡದೊಂದು ಆಟವನ್ನು ಸಿದ್ಧಪಡಿಸುವುದಕ್ಕೆ ಚಿತ್ರಕಾರರು, ಸಂಗೀತಗಾರರು, ಕಥೆ ಹೆಣೆಯುವವರು, ಗಣಕಯಂತ್ರಕ್ಕೆ ಆದೇಶ ಬರೆಯುವವರು ಎಂದು ನೂರಾರು ಮಂದಿ ವರ್ಷಗಟ್ಟಲೆ ದುಡಿಯುತ್ತಾರೆ. ಅದು ಹೊರಬರುವ ದಿನಕ್ಕಾಗಿ ಲಕ್ಷಾಂತರ ಮಂದಿ ಬೆರಳು ಮಡಿಸಿ ಎಣಿಸುತ್ತಾರೆ. ಇಷ್ಟು ಜನರ ಆಸೆ ಎಲ್ಲಿ ಸೇರುವುದೋ ಅಲ್ಲಿ ನಿರಾಸೆಯೂ ದೊಡ್ಡದಾಗಿಯೇ ಇರುತ್ತದೆ.

ಮೊದಲ ಕಥೆ ಅಮೆರಿಕದ್ದು. ೧೯೮೨ರ ಜೂನ್ ತಿಂಗಳಿನಲ್ಲಿ ಸ್ಟೀವನ್ ಸ್ಪೀಲ್‌ಬರ್ಗ್ ಅವರ ‘ಇ.ಟಿ.’ ಚಲಚ್ಚಿತ್ರ ತೆರೆ ಕಂಡು ಜನ ಮರುಳಾದರು. ಬೇರೊಂದು ಲೋಕದಿಂದ ಬಂದು ಭೂಮಿಯಲ್ಲಿ ಒಂಟಿಯಾಗಿ ಉಳಿದ ಒಂದು ಜೀವಿ, ಅದನ್ನು ಮನೆಯಲ್ಲಿ ಬಚ್ಚಿಟ್ಟು ಸಲಹಿದ ಒಬ್ಬ ಬಾಲಕ: ಇಷ್ಟೇ ಕಥೆ. ಆಗ ಮನೆಯ ದೂರದರ್ಶನಕ್ಕೆ ಜೋಡಿಸಿ ಆಡುವ ಯಂತ್ರಗಳಲ್ಲಿ ಅಟಾರಿ ಕಂಪೆನಿಯದು ಚಕ್ರಾಧಿಪತ್ಯ. ಅದರ ಒಡೆತನ ವಾರ್ನರ್ ಸಂಸ್ಥೆಯ ಕೈಯಲ್ಲಿತ್ತು. ಚಿತ್ರದ ಹೆಸರಿನಲ್ಲಿ ಆಟ ಮಾಡುವ ಹಕ್ಕಿಗಾಗಿ ವಾರ್ನರ್‌ನವರು ಎರಡು ಕೋಟಿ ಡಾಲರಿಗೆ ಕಡಿಮೆಯಿಲ್ಲದ ಹಣ ಒಪ್ಪಿಕೊಂಡರೆಂದು ಅಂದಿನ ವರದಿಗಳು ಹೇಳಿದವು. ಮಾತುಕತೆ ಮುಗಿಯುವ ಹೊತ್ತಿಗೆ ಜುಲೈ ತಿಂಗಳು ಮುಗಿಯುತ್ತ ಬಂದಿತ್ತು. ಕ್ರಿಸ್‌ಮಸ್ ಮಾರಾಟಕ್ಕೆ ಸರಕು ಅಂಗಡಿ ಸೇರಬೇಕಾದರೆ ಸೆಪ್ಟೆಂಬರ್ ೧ರೊಳಗೆ ಆಟ ಸಿದ್ಧವಾಗಬೇಕು.

ಉಳಿದದ್ದು ಸುಮಾರು ಐದು ವಾರ. ಅಂತಹ ಆಟವೊಂದಕ್ಕೆ ಆ ದಿನಗಳಲ್ಲಿ ಸಾಮಾನ್ಯವಾಗಿ ಹಿಡಿಯುತ್ತಿದ್ದುದು ಐದಾರು ತಿಂಗಳು. ಹೊಣೆ ಬಿದ್ದದ್ದು ಹೋವರ್ಡ್ ಸ್ಕಾಟ್ ವಾರ್ಷಾ ಎಂಬ ಇಪ್ಪತ್ತೈದು ವಯಸ್ಸಿನ ತರುಣನ ಮೇಲೆ. ಆತ ಸಾಮಾನ್ಯನಲ್ಲ, ಹಿಂದೆ ಆತ ಮಾಡಿದ್ದ ‘ಯಾರ್ಸ್ ರಿವೆಂಜ್’ ಎಂಬ ಆಟ ಜನರ ಮೆಚ್ಚುಗೆ ಪಡೆದಿತ್ತು. ಹಗಲಿರುಳು ದುಡಿಯಲು ಅನುಕೂಲವಾಗಲೆಂದು ಕೆಲಸದ ಯಂತ್ರವನ್ನು ಮನೆಗೂ ಹಾಕಿಸಿಕೊಂಡ. ಆಟವನ್ನು ತುಂಬಬೇಕಾದ ಪೆಟ್ಟಿಗೆಯಲ್ಲಿದ್ದ ಸ್ಥಳ ೮ ಕಿಲೋಬೈಟ್. ವಾಚಕರು ಈಗ ಓದುತ್ತಿರುವ ಈ ಲೇಖನವನ್ನೇ ಅದರೊಳಗೆ ತುಂಬಹೊರಟರೆ ಅರ್ಧ ತುಂಬುವ ಮೊದಲೇ ಜಾಗ ಮುಗಿದುಹೋದೀತು! ಅಷ್ಟರಲ್ಲಿ ಒಂದು ಲೋಕವನ್ನು ಕಟ್ಟಬೇಕು. ಆತ ಹೇಳಿದ ದಿನಕ್ಕೆ ಕಟ್ಟಿಕೊಟ್ಟ ಎಂಬುದೇ ಸೋಜಿಗ.

ಆದರೆ ಆಡಿದವರಿಗೆ ಕಂಡದ್ದೇನು? ಹಸುರು ಬಣ್ಣದ ಪುಟ್ಟದೊಂದು ಆಕೃತಿ; ದೂರವಾಣಿಯ ಮೂರು ಚೂರುಗಳನ್ನು ಹುಡುಕುತ್ತ ಹೊರಟರೆ ಹೆಜ್ಜೆ ಹೆಜ್ಜೆಗೂ ಗುಂಡಿ. ಬಿದ್ದರೆ ನಿಧಾನವಾಗಿ ಮೇಲೇರಬೇಕು. ಏರಿದೊಡನೆ ಮತ್ತೆ ಬೀಳುವುದೂ ಉಂಟು. ಚಿತ್ರಮಂದಿರದಲ್ಲಿ ಕಣ್ಣೀರು ಸುರಿಸಿ ಬಂದ ಮಗು ಮನೆಯಲ್ಲಿ ಗುಂಡಿಯಿಂದ ಗುಂಡಿಗೆ ಬಿದ್ದು ಕಣ್ಣೀರು ಸುರಿಸಿತು. ಹೆಸರಿನ ಬಲದಿಂದ ಮೊದಮೊದಲು ಹದಿನೈದು ಲಕ್ಷದಷ್ಟು ಪ್ರತಿಗಳು ಮಾರಾಟವಾದವು. ಆದರೆ ಕಂಪೆನಿ ತಯಾರಿಸಿದ್ದು ಅದಕ್ಕಿಂತ ಎಷ್ಟೋ ಪಾಲು ಹೆಚ್ಚು. ಆ ವರ್ಷವೇ ‘ಪ್ಯಾಕ್‌ಮ್ಯಾನ್’ ಆಟದ ಪ್ರತಿಗಳನ್ನೂ, ಅವನ್ನು ಆಡಿಸುವ ಯಂತ್ರಗಳು ಎಷ್ಟು ಮನೆಗಳಲ್ಲಿದ್ದವೋ ಅದಕ್ಕೂ ಹೆಚ್ಚಾಗಿ ಮಾಡಿ ಕೈ ಸುಟ್ಟುಕೊಂಡಿದ್ದರು. ೧೯೮೩ರಲ್ಲಿ ಅಟಾರಿಯ ನಷ್ಟ ಐವತ್ತು ಕೋಟಿ ಡಾಲರುಗಳನ್ನು ದಾಟಿತು.

ಆ ವರ್ಷ ಸೆಪ್ಟೆಂಬರಿನಲ್ಲಿ ಮಾರಾಟವಾಗದ ಪೆಟ್ಟಿಗೆಗಳನ್ನು ಲಾರಿಗಳಲ್ಲಿ ತುಂಬಿ ನ್ಯೂ ಮೆಕ್ಸಿಕೋ ಪ್ರಾಂತದ ಅಲಮೊಗಾರ್ಡೋ ಎಂಬ ಊರಿನ ಕಸದ ಬಯಲಿನಲ್ಲಿ ಹೂತು, ಮೇಲೆ ಕಾಂಕ್ರೀಟು ಸುರಿದರು. ಲಕ್ಷಾಂತರ ಇ.ಟಿ.ಗಳು ಅಲ್ಲಿ ಮಣ್ಣಾಗಿವೆ ಎಂದು ಕೆಲವರು, ಅದೆಲ್ಲ ಕಟ್ಟುಕಥೆ ಎಂದು ಕೆಲವರು ಮೂವತ್ತು ವರ್ಷ ವಾದ ಮಾಡಿದರು. ೨೦೧೪ರ ಏಪ್ರಿಲ್ ೨೬ರಂದು ಅಗೆದು ನೋಡಿದ್ದಾಯಿತು. ಹೊರತೆಗೆದವು ಸುಮಾರು ೧,೩೦೦. ಅವುಗಳಲ್ಲಿ ಇ.ಟಿ. ಒಂದು ಪಾಲು ಮಾತ್ರ. ಉಳಿದವು ಬೇರೆ ಆಟಗಳು, ಹಿಂದೆ ಲಾಭ ತಂದವೂ ಇದ್ದವು. ಇಡೀ ಉದ್ಯಮವನ್ನು ಒಂದೇ ಆಟ ಮುಳುಗಿಸಿತೆಂದು ಜನ ಆಡಿಕೊಂಡ ಮಾತಿನಲ್ಲಿ ಅರ್ಧವೇ ನಿಜ. ಮುಳುಗಿಸಿದ್ದು ಮಿತಿಯಿಲ್ಲದ ಸರಕು. ಅಪವಾದ ಹೊತ್ತದ್ದು ಐದು ವಾರ ನಿದ್ರೆಗೆಟ್ಟ ಒಬ್ಬ ತರುಣ. ವಾರ್ಷಾ ಅವರು ಮುಂದೆ ಆ ವೃತ್ತಿಯನ್ನೇ ಬಿಟ್ಟು ಮನೋಚಿಕಿತ್ಸಕರಾದರು. ಅಗೆದ ದಿನ ಆ ಬಯಲಿನಲ್ಲಿ ಅವರೂ ನಿಂತಿದ್ದರು.

ಎರಡನೆಯ ಕಥೆ ಇಂಗ್ಲೆಂಡಿನದು. ಗಿಲ್ಡ್‌ಫರ್ಡ್ ಎಂಬ ಊರಿನಲ್ಲಿ ಬೆರಳೆಣಿಕೆಯ ಗೆಳೆಯರಿಂದ ಆರಂಭವಾದ ಹಲೋ ಗೇಮ್ಸ್ ಎಂಬ ಪುಟ್ಟ ಸಂಸ್ಥೆ, ೨೦೧೩ರ ಡಿಸೆಂಬರಿನಲ್ಲಿ ‘ನೋ ಮ್ಯಾನ್ಸ್ ಸ್ಕೈ’ ಎಂಬ ಆಟದ ಮಾದರಿ ತೋರಿಸಿತು. ಆಟಗಾರನಿಗೊಂದು ಆಕಾಶನೌಕೆ, ಸುತ್ತಲೂ ಗ್ರಹಗಳು. ಎಷ್ಟು ಗ್ರಹಗಳು? ಒಂದನ್ನು ಎರಡರಿಂದ ಅರವತ್ತನಾಲ್ಕು ಸಲ ವೃದ್ಧಿಸಿದಷ್ಟು, ಎಂದರೆ ಒಂದು ಲಕ್ಷ ಎಂಬತ್ತನಾಲ್ಕು ಸಾವಿರ ಕೋಟಿ ಕೋಟಿಗೂ ಮಿಕ್ಕು! ಚದುರಂಗದ ಮನೆಮನೆಗೂ ಕಾಳುಗಳನ್ನು ಇಮ್ಮಡಿಸಿ ಕೊಡೆಂದು ಅರಸನನ್ನು ಬೇಡಿದ ಜಾಣನ ಕಥೆ ವಾಚಕರಿಗೆ ಗೊತ್ತು. ಆ ಅರಸ ತೆರಬೇಕಾಗಿದ್ದ ಕಾಳುಗಳಿಗಿಂತ ಈ ಗ್ರಹಗಳು ಒಂದು ಹೆಚ್ಚು.

ಇಷ್ಟನ್ನು ಯಾರೂ ಕೈಯಿಂದ ಬರೆಯಲಾರರು, ಸೂತ್ರವೊಂದು ಬರೆಯುತ್ತದೆ. ನಮ್ಮ ಛಂದಶ್ಶಾಸ್ತ್ರದ ಪ್ರಸ್ತಾರವನ್ನು ನೆನೆಯಿರಿ. ಅರವತ್ತನಾಲ್ಕು ಅಕ್ಷರಗಳ ಪಾದಕ್ಕೆ ಗುರು ಲಘುಗಳ ಪ್ರಸ್ತಾರ ಹಾಕಿದರೆ ದೊರೆಯುವುದು ಇದೇ ಸಂಖ್ಯೆ. ಆದರೆ ಪ್ರಸ್ತಾರ ಹಾಕಿದ ಮಾತ್ರಕ್ಕೆ ಕಾವ್ಯವಾಗುವುದುಂಟೆ? ೨೦೧೬ರ ಆಗಸ್ಟಿನಲ್ಲಿ ಆಟ ಹೊರಬಂದಾಗ ಜನ ಕಂಡದ್ದು ಇದನ್ನೇ. ಗ್ರಹದಿಂದ ಗ್ರಹಕ್ಕೆ ಬಣ್ಣ ಬದಲಾಗುತ್ತಿತ್ತು, ಮೃಗದ ಕಾಲು ಕೊಂಬು ಬದಲಾಗುತ್ತಿದ್ದವು. ಮಾಡುವ ಕೆಲಸ ಮಾತ್ರ ಎಲ್ಲಿಯೂ ಒಂದೇ. ಅದಕ್ಕಿಂತ ನೋವಿನ ಸಂಗತಿ ಮತ್ತೊಂದಿತ್ತು. ಈ ಅಪಾರ ಆಕಾಶದಲ್ಲಿ ಒಬ್ಬ ಆಟಗಾರನಿಗೆ ಮತ್ತೊಬ್ಬನು ಎದುರಾಗುವುದು ಸಾಧ್ಯವೆಂಬ ಭಾವನೆ ಬರುವಂತೆ, ಸಂಸ್ಥೆಯ ಮುಖ್ಯಸ್ಥ ಶಾನ್ ಮರ್ರಿ ಸಂದರ್ಶನಗಳಲ್ಲಿ ಮಾತನಾಡಿದ್ದರು. ಆಟ ಬಂದ ಹೊಸದರಲ್ಲಿಯೇ ಇಬ್ಬರು ಆಟಗಾರರು ಹೇಗೋ ಒಂದೇ ಗ್ರಹದ ಒಂದೇ ಸ್ಥಳವನ್ನು ಸೇರಿದರು. ಇಬ್ಬರೂ ಅಲ್ಲಿಯೇ ನಿಂತಿದ್ದರು. ಒಬ್ಬರ ಕಣ್ಣಿಗೆ ಇನ್ನೊಬ್ಬರು ಬೀಳಲಿಲ್ಲ!

ಕೋಪ ಉರಿಯಿತು. ಸಂಸ್ಥೆ ಉತ್ತರ ಕೊಡದೆ ತಿಂಗಳುಗಟ್ಟಲೆ ಮೌನ ತಾಳಿತು. ಬ್ರಿಟನ್ನಿನ ಜಾಹೀರಾತು ಮಂಡಳಿಗೆ ದೂರು ಹೋಯಿತು. ಜಾಹೀರಾತಿನಲ್ಲಿ ದೋಷವಿಲ್ಲವೆಂದು ಮಂಡಳಿ ತೀರ್ಪಿತ್ತಿತು. ಕಾನೂನಿನ ಕಣ್ಣಿನಲ್ಲಿ ನಿರ್ದೋಷಿಯಾದವನು ನಂಬಿದವನ ಕಣ್ಣಿನಲ್ಲಿಯೂ ನಿರ್ದೋಷಿಯೇ ಎಂಬುದು ಬೇರೆ ಪ್ರಶ್ನೆ. ಆದರೆ ಆ ಮೌನದ ಕಾಲದಲ್ಲಿ ಅವರು ಕುಳಿತಿರಲಿಲ್ಲ. ೨೦೧೬ರ ನವೆಂಬರಿನಿಂದ ಒಂದರ ಮೇಲೊಂದು ತಿದ್ದುಪಡಿ ಹೊರಬಂದವು. ೨೦೧೮ರ ಜುಲೈ ತಿಂಗಳಿನಲ್ಲಿ ಆಟಗಾರರು ಒಬ್ಬರನ್ನೊಬ್ಬರು ಕಂಡು, ಕೂಡಿ ಅಲೆಯುವಂತಾಯಿತು. ಇದಾವುದಕ್ಕೂ ಹೆಚ್ಚಿನ ಹಣ ಕೇಳಲಿಲ್ಲ. ಹಿಂದೆ ಬೈದವರೇ ಹರಸತೊಡಗಿದರು.

ಮೂರನೆಯದು ಪೋಲೆಂಡಿನ ಕಥೆ. ವಾರ್ಸಾದ ಸಿ.ಡಿ. ಪ್ರಾಜೆಕ್ಟ್ ರೆಡ್ ಸಂಸ್ಥೆ ‘ಸೈಬರ್‌ಪಂಕ್ ೨೦೭೭’ ಎಂಬ ಆಟವನ್ನು ಸಾರಿದ್ದು ೨೦೧೨ರಲ್ಲಿ. ಎಂದು ಬರುವುದೆಂದರೆ, ಸಿದ್ಧವಾದಾಗ ಬರುವುದು ಎಂದು ೨೦೧೩ರಲ್ಲಿ ಅವರದೇ ಉತ್ತರ. ಎಷ್ಟು ಒಳ್ಳೆಯ ಉತ್ತರ! ಅದರಂತೆಯೇ ನಡೆದುಕೊಂಡಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ೨೦೨೦ರ ಏಪ್ರಿಲ್ ಎಂದರು, ಸೆಪ್ಟೆಂಬರ್ ಎಂದರು, ನವೆಂಬರ್ ಎಂದರು, ಕೊನೆಗೆ ಡಿಸೆಂಬರ್ ೧೦ರಂದು ಬಿಟ್ಟರು. ಅಷ್ಟರಲ್ಲಿ ಎಂಬತ್ತು ಲಕ್ಷ ಮಂದಿ ಮುಂಗಡವಾಗಿ ಕೊಂಡಿದ್ದರು. ವಿಮರ್ಶಕರಿಗೆ ಮೊದಲು ಕೊಟ್ಟದ್ದು ಗಣಕಯಂತ್ರದ ಪ್ರತಿ ಮಾತ್ರ. ಅದು ಬಲವಾದ ಯಂತ್ರಗಳಲ್ಲಿ ಚೆನ್ನಾಗಿಯೇ ಓಡಿತು. ಅಸಂಖ್ಯ ಮನೆಗಳಲ್ಲಿದ್ದುದು ೨೦೧೩ರ ಹಳೆಯ ಯಂತ್ರಗಳು. ಅವುಗಳಲ್ಲಿ ಚಿತ್ರ ತಡವರಿಸಿತು, ಮುಖಗಳು ಮಸುಕಾದವು, ಆಟ ನಡುವೆಯೇ ನಿಂತುಹೋಯಿತು. ಹಳೆಯ ಯಂತ್ರಗಳಲ್ಲಿ ಆಟವನ್ನು ಮೊದಲೇ ತೋರಿಸದಿದ್ದುದಕ್ಕೆ ಸಂಸ್ಥೆ ಕ್ಷಮೆ ಬೇಡಿ, ಹಣ ಹಿಂದಿರುಗಿಸಲು ಒಪ್ಪಿತು. ವಾರದೊಳಗೆ ಸೋನಿ ಕಂಪೆನಿ ಆಟವನ್ನು ತನ್ನ ಅಂಗಡಿಯಿಂದಲೇ ತೆಗೆದುಹಾಕಿತು. ಮತ್ತೆ ಅದು ಅಲ್ಲಿಗೆ ಮರಳಿದ್ದು ೨೦೨೧ರ ಜೂನ್ ತಿಂಗಳಿನಲ್ಲಿ. ಇದನ್ನೂ ತಿದ್ದಿದರು. ೨೦೨೩ರ ಸೆಪ್ಟೆಂಬರಿನ ದೊಡ್ಡ ತಿದ್ದುಪಡಿಯ ಬಳಿಕ ಅದೀಗ ಒಳ್ಳೆಯ ಆಟವೆಂದು ಬಲ್ಲವರು ಹೇಳುತ್ತಾರೆ.

ಶಬ್ದದಿಂದ ಅರ್ಥ ಹುಟ್ಟಬೇಕಾದರೆ ಮೂರು ಬೇಕೆಂದು ನಮ್ಮ ಶಾಸ್ತ್ರಕಾರರು ಹೇಳಿದ್ದಾರೆ: ಆಕಾಂಕ್ಷೆ, ಯೋಗ್ಯತೆ, ಸನ್ನಿಧಿ. ಒಂದು ಪದ ಇನ್ನೊಂದನ್ನು ಬಯಸಬೇಕು, ಅದು ಆಕಾಂಕ್ಷೆ. ಕೂಡಿದ ಅರ್ಥ ಬಾಧಿತವಾಗಬಾರದು; ಬೆಂಕಿಯಿಂದ ಗಿಡವನ್ನು ತೋಯಿಸು ಎಂದರೆ ಯೋಗ್ಯತೆಯಿಲ್ಲ. ಹಸುವನ್ನು ಎಂದು ಈಗ ನುಡಿದು, ತಾ ಎಂದು ಜಾವ ಕಳೆದ ಮೇಲೆ ನುಡಿದರೆ ಸನ್ನಿಧಿಯಿಲ್ಲ. ಮಾರುವವನ ಮಾತಿಗೂ ಈ ಮೂರನ್ನು ಹಚ್ಚಿ ನೋಡಬಹುದು. ಇ.ಟಿ. ಆಟದಲ್ಲಿ ಇದ್ದದ್ದು ಆಕಾಂಕ್ಷೆಯೊಂದೇ. ಅದೂ ಆಟದ್ದಲ್ಲ, ಚಿತ್ರದಿಂದ ಕಡ ತಂದದ್ದು. ಸೈಬರ್‌ಪಂಕ್ ಅನ್ನು ಹಳೆಯ ಯಂತ್ರಕ್ಕೆ ಮಾರಿದ್ದು ಬೆಂಕಿಯಿಂದ ತೋಯಿಸಿದಂತೆ. ನೋ ಮ್ಯಾನ್ಸ್ ಸ್ಕೈ ತನ್ನ ವಾಕ್ಯವನ್ನು ಕೊನೆಗೂ ಪೂರ್ತಿ ಮಾಡಿತು. ಆದರೆ ಕರ್ಮಪದಕ್ಕೂ ಕ್ರಿಯಾಪದಕ್ಕೂ ನಡುವೆ ಎರಡು ವರ್ಷ ಕಳೆದಿತ್ತು.

ನನ್ನ ತರಗತಿಯ ವಿದ್ಯಾರ್ಥಿಯೊಬ್ಬ ಹೀಗೆಯೇ ಯಾವುದೋ ಆಟಕ್ಕೆ ಮುಂಗಡ ತೆತ್ತಿದ್ದ. ಆಟದ ಹೆಸರು ಇಲ್ಲಿ ಬೇಡ. ಸಂಜೆ ಮಕ್ಕಳಿಗೆ ಪಾಠ ಹೇಳಿ ಕೂಡಿಸಿದ ಹಣ. ಏನಾಯಿತಯ್ಯಾ ಎಂದರೆ, “ಆಟ ಚೆನ್ನಾಗಿಲ್ಲ ಅಂತ ಬೇಜಾರಿಲ್ಲ ಸಾರ್. ಚೆನ್ನಾಗಿಲ್ಲ ಅಂತ ಅವರಿಗೆ ಮೊದಲೇ ಗೊತ್ತಿತ್ತಲ್ಲ, ಅದಕ್ಕೆ ಬೇಜಾರು” ಎಂದ.

ಹುಡುಗ ಹೇಳಿದ್ದು ಸರಿ. ಕವಿಯ ಹೊಸ ಕಾವ್ಯ ಹಿಂದಿನದರಷ್ಟು ಒಪ್ಪದಿರಬಹುದು, ಗಾಯಕನಿಗೆ ಒಂದು ಸಂಜೆ ಕಂಠ ಕೈಕೊಡಬಹುದು. ರಸಿಕ ಅದನ್ನು ಮನ್ನಿಸುತ್ತಾನೆ. ಕಲೆಯಲ್ಲಿ ಸೋಲು ಸಹಜ. ಕಂಠ ಕೆಟ್ಟಿದೆಯೆಂದು ಬಲ್ಲ ವ್ಯವಸ್ಥಾಪಕನು ಅದನ್ನು ಮುಚ್ಚಿಟ್ಟು ಟಿಕೆಟ್ಟು ಮಾರಿದರೆ ಅದು ಕಲೆಯ ಸೋಲಲ್ಲ, ನಡತೆಯ ಸೋಲು.

ಇನ್ನೊಂದು ಮಾತು. ವಾರ್ಷಾ ಅವರ ಕಾಲದ ಆಟ ಶಿಲಾಶಾಸನದಂತೆ. ಒಮ್ಮೆ ಪೆಟ್ಟಿಗೆಯಲ್ಲಿ ಕೊರೆದರೆ ತಪ್ಪೂ ಶಾಶ್ವತ. ಇಂದಿನದು ತರಗತಿಯ ಕಪ್ಪುಹಲಗೆಯಂತೆ. ಅಂತರ್ಜಾಲದ ಮೂಲಕ ಎಂದು ಬೇಕಾದರೂ ಒರಸಿ ಬರೆಯಬಹುದು. ಇದು ವರವೇ ಸರಿ. ಈ ವರವಿಲ್ಲದಿದ್ದರೆ ನಾನು ಹೇಳಿದ ಕಡೆಯ ಎರಡು ಆಟಗಳು ಉಳಿಯುತ್ತಿರಲಿಲ್ಲ. ಆದರೆ ನಾಳೆ ತಿದ್ದಬಹುದೆಂಬ ಧೈರ್ಯವೇ ಇಂದು ಅರೆಬೆಂದುದನ್ನು ಬಡಿಸುವ ಚಪಲಕ್ಕೂ ಕಾರಣ. ಅಡಿಗೆ ಪೂರ್ತಿ ಬೇಯುವುದು ಮೊದಲ ಪಂಕ್ತಿಯವರು ಎದ್ದ ಮೇಲೆ ಎಂದಾದರೆ, ಮೊದಲ ಪಂಕ್ತಿಗೆ ಓಡಿ ಕೂಡುವವರಾರು? ಅವರೇ ಎಲ್ಲರಿಗಿಂತ ಹೆಚ್ಚು ನಂಬಿದವರು.

ಆದುದರಿಂದ ಮನೆಯಲ್ಲಿ ಮಗನೋ ಮಗಳೋ ಮುಂಗಡಕ್ಕೆ ಹಣ ಕೇಳಿದಾಗ ತಂದೆತಾಯಂದಿರು ಗದರಬೇಕಾಗಿಲ್ಲ. ಒಂದು ಪ್ರಶ್ನೆ ಕೇಳಿದರೆ ಸಾಕು. ಪೆಟ್ಟಿಗೆಯಲ್ಲಿ ಬರುತ್ತಿದ್ದ ಕಾಲದಲ್ಲಿ ಪ್ರತಿ ಮುಗಿದೀತೆಂಬ ಭಯವಾದರೂ ಇತ್ತು. ತಂತಿಯ ಮೂಲಕ ಇಳಿಸಿಕೊಳ್ಳುವ ಆಟ ಮುಗಿದುಹೋಗುವುದು ಹೇಗೆ? ಹತ್ತು ದಿನ ಕಾದರೆ ಆಡಿದವರ ಮಾತು ಕಿವಿಗೆ ಬೀಳುತ್ತದೆ. ನಮ್ಮ ಮನೆಯ ಯಂತ್ರದಂತಹುದರಲ್ಲಿಯೇ ಆಡಿದವರ ಮಾತಿಗೆ ಹೆಚ್ಚು ಬೆಲೆ. ಗಣಕಯಂತ್ರದ ಆಟಗಳನ್ನು ಮಾರುವ ಸ್ಟೀಮ್ ಎಂಬ ಅಂಗಡಿಯಲ್ಲಿ, ಕೊಂಡ ಹದಿನಾಲ್ಕು ದಿನಗಳೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ಹಣ ಹಿಂದೆ ಪಡೆಯುವ ಅವಕಾಶ ೨೦೧೫ರಿಂದ ಇದೆ. ಇಂತಹ ನಿಯಮಗಳನ್ನು ಕೊಳ್ಳುವ ಮುನ್ನ ಮಕ್ಕಳಿಂದಲೇ ಓದಿಸಬೇಕು.

ಕಾಯುವುದರಲ್ಲಿರುವ ಸುಖವನ್ನು ನಾನು ಹಳಿಯುವವನಲ್ಲ. ಮುಂದಿನ ವಾರದ ಕಂತಿಗಾಗಿ ಕಾಯುವ ಈ ಪತ್ರಿಕೆಯ ವಾಚಕರಿಗೆ ಆ ಸುಖವನ್ನು ವರ್ಣಿಸಬೇಕೆ? ಕೂಸಿಗಾಗಿ ಕಾಯುವ ಮನೆಯಲ್ಲಿ ಕುಲಾವಿಯ ಮಾತು ಬಂದೇ ಬರುತ್ತದೆ. ಬಟ್ಟೆಯನ್ನು ತಂದಿಟ್ಟುಕೊಳ್ಳೋಣ; ಕತ್ತರಿ ಹಾಕುವುದು ಮಾತ್ರ ಕೂಸಿನ ತಲೆಯ ಅಳತೆ ತೆಗೆದ ಮೇಲಾಗಲಿ.